ಮೊದಲು ವರದಿ ಕೇಳಿ, ಬಿಲ್ಲು ಆಮೇಲೆ

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ನೀರಿನ ಜಗಳಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದರೆ ಕೊನೆಗೆ ಕೈಗೆ ಸಿಗುವುದು ಯಾವುದೋ ಒಂದು ವರದಿ. 2020ರ ಕೊನೆಯಲ್ಲಿ ಪಾಮನಕಲ್ಲೂರಿನಲ್ಲಿ ಶುರುವಾದ ಧರಣಿ ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ತಿಂಗಳುಗಟ್ಟಲೆ ನಡೆಯಿತು. 2021ರ ಏಪ್ರಿಲ್‌ನ ಮಸ್ಕಿ ಉಪಚುನಾವಣೆಯಲ್ಲಿ ಮತ ಕೇಳಲು ಬಂದವರೆಲ್ಲ ಅದಕ್ಕೆ ಉತ್ತರ ಹೇಳಬೇಕಾಯಿತು. ಕಾಲುವೆ ಆಗುತ್ತದೆಯೇ, ನಂದವಾಡಗಿ ಏತ ನೀರಾವರಿಯೇ ಸಾಕೇ ಎಂಬ ಪ್ರಶ್ನೆಗೆ ರಾಜಕಾರಣಿಗಳು ಬೇರೆ ಬೇರೆ ಮಾತು ಹೇಳಿದರೂ ತಾಂತ್ರಿಕ ಲೆಕ್ಕವೇ ಅಂತಿಮ ಎಂಬಲ್ಲಿಗೆ ಚರ್ಚೆ ಬಂದು ನಿಲ್ಲುತ್ತಿತ್ತು. ಸಿಂಧನೂರಿನ ಗದ್ದೆಗಳಿಗೆ ನೀರುಣಿಸುವ ತುಂಗಭದ್ರಾ ಜಲಾಶಯದ ಕತೆಯೂ ಇದೇ. ಹೂಳು ತುಂಬಿ ಅದರ ಮೂಲ ಸಾಮರ್ಥ್ಯದ ಐದನೇ ಒಂದು ಭಾಗದಷ್ಟು ಹೋಗಿದೆ. ಅದನ್ನು ತುಂಬಿಕೊಳ್ಳಲು ನವಲಿ ಬಳಿ ಸಮತೋಲನ ಜಲಾಶಯ ಕಟ್ಟುವ ಮಾತು ಬಂತು, ಡಿಪಿಆರ್ ಎಂಬ ವಿಸ್ತೃತ ಯೋಜನಾ ವರದಿ ಮಾಡಿಸಲಾಯಿತು, 2022-23ರ ರಾಜ್ಯ ಬಜೆಟ್‌ನಲ್ಲಿ ಅದಕ್ಕೆ 1,000 ಕೋಟಿ ರೂಪಾಯಿ ಘೋಷಣೆಯೂ ಆಯಿತು. ಇಂಥ ವರದಿಗಳನ್ನು ಸಾಮಾನ್ಯವಾಗಿ ಸರ್ಕಾರಿ ಎಂಜಿನಿಯರುಗಳು ಕೂತು ಬರೆಯುವುದಿಲ್ಲ, ಟೆಂಡರ್ ಹಿಡಿದ ಸಲಹಾ ಸಂಸ್ಥೆಗಳು ಬರೆಯುತ್ತವೆ. ಬರೆಸಲು ದುಡ್ಡು ಕೊಡುವುದು ಜನ, ವರದಿಯಿಂದ ಹೊಲ ನೆನೆಯುವುದೂ ಒಣಗುವುದೂ ಜನರದೇ. ಆದರೆ ವರದಿ ಮಾತ್ರ ಕಚೇರಿಯ ಕಪಾಟಿನಲ್ಲಿರುತ್ತದೆ.

ಹೊರಗಿನ ಸಲಹೆಗಾರರ ಮೇಲೆ ಸರ್ಕಾರ ಮಾಡುವ ಖರ್ಚಿನ ಬಗ್ಗೆ ಮಾತು ಬಂದಾಗಲೆಲ್ಲ ಮೊದಲು ಏಳುವ ಪ್ರಶ್ನೆ ‘ಎಷ್ಟು ಕೋಟಿ?’ ಎಂಬುದು. ಪ್ರಶ್ನೆ ಸಹಜವೇ. ಇಂಗ್ಲಿಷ್ ದಿನಪತ್ರಿಕೆಯೊಂದು ಮಾಹಿತಿ ಹಕ್ಕಿನಡಿ ಪಡೆದ ಉತ್ತರಗಳನ್ನು ಕೂಡಿಸಿ, 2017ರಿಂದ ಐದು ವರ್ಷಗಳಲ್ಲಿ ಕೇಂದ್ರದ 16 ಸಚಿವಾಲಯಗಳು ಐದು ದೊಡ್ಡ ಸಲಹಾ ಕಂಪನಿಗಳಿಗೆ 308 ಕೆಲಸ ಒಪ್ಪಿಸಿ 500 ಕೋಟಿ ರೂಪಾಯಿಗೂ ಹೆಚ್ಚು ಕೊಟ್ಟಿವೆ ಎಂದು 2023ರಲ್ಲಿ ಬರೆಯಿತು. ನಮ್ಮ ರಾಜ್ಯವೂ 2024ರಲ್ಲಿ ತೆರಿಗೆಯೇತರ ಆದಾಯದ ದಾರಿ ಹುಡುಕಲು ಬೋಸ್ಟನ್ ಕನ್ಸಲ್ಟಿಂಗ್ ಗ್ರೂಪ್ ಎಂಬ ಸಂಸ್ಥೆಯನ್ನು ಹಿಡಿಯಿತು. ಶುಲ್ಕ ಸುಮಾರು ಒಂಬತ್ತೂವರೆ ಕೋಟಿ ಎಂದು ವರದಿಯಾಗಿ ವಿರೋಧ ಪಕ್ಷಗಳು ಗದ್ದಲ ಮಾಡಿದವು. ಆ ಗದ್ದಲ ಶುಲ್ಕದ ಸುತ್ತಲೇ ಸುತ್ತಿತು. ಆ ಸಂಸ್ಥೆಗೆ ನಿಖರವಾಗಿ ಯಾವ ಪ್ರಶ್ನೆ ಕೇಳಲಾಗಿತ್ತು, ಅದು ಕೊಟ್ಟ ಉತ್ತರವೇನು ಎಂದು ಅಷ್ಟೇ ಜೋರಾಗಿ ಕೇಳಿದವರು ಕಡಿಮೆ. ಈ ಲೇಖನದ ವಾದ ಇಷ್ಟೇ: ತಾಲ್ಲೂಕಿನ ಮಟ್ಟದಲ್ಲಿ ಸಲಹೆಗಾರರ ಖರ್ಚನ್ನು ಹಿಡಿಯಲು ಹೊರಟವರು ಮೊತ್ತದ ಬೆನ್ನು ಹತ್ತಬಾರದು, ಒಂದು ಕಾಮಗಾರಿ ಹಿಡಿದು, ಮೊದಲು ಅದರ ವರದಿ ಕೇಳಬೇಕು. ಬಿಲ್ಲು ಅದರ ಹಿಂದೆಯೇ ಬರುತ್ತದೆ.

ಮೊತ್ತ ಕೇಳಿದರೆ ಸೋಲುವುದೇಕೆ ಎಂದರೆ, ಆ ಮೊತ್ತ ಒಂದು ಕಡೆ ಇರುವುದೇ ಇಲ್ಲ. ಡಿಪಿಆರ್ ಶುಲ್ಕ ಬಹಳ ಸಲ ಕಾಮಗಾರಿಯ ಅಂದಾಜು ಪಟ್ಟಿಯೊಳಗೇ ಒಂದು ಸಾಲಾಗಿ ಕೂತಿರುತ್ತದೆ. ಕಚೇರಿಗೆ ತಂದ ತಜ್ಞನ ತಿಂಗಳ ಸಂಭಾವನೆ ಹೊರಗುತ್ತಿಗೆ ಏಜೆನ್ಸಿಯ ಬಿಲ್ಲಿನಲ್ಲಿ ಸೇರಿಕೊಂಡಿರುತ್ತದೆ. ಸಣ್ಣಪುಟ್ಟ ಅಧ್ಯಯನದ ಖರ್ಚು ಬಜೆಟ್ ಪುಸ್ತಕದ 059 ಎಂಬ ‘ಇತರೆ ವೆಚ್ಚ’ದಲ್ಲಿ ಕರಗಿ ಹೋಗುವುದುಂಟು. ಕೇಂದ್ರದ ಯೋಜನೆಯಾದರೆ ಅದಕ್ಕೆ ಬೇರೆಯೇ ಚೀಲ: ಜಲಜೀವನ ಮಿಷನ್‌ನಲ್ಲಿ ‘ಬೆಂಬಲ ಚಟುವಟಿಕೆ’ಗಳಿಗೆಂದು ಶೇ 5ರವರೆಗೆ ಅನುದಾನ ಎತ್ತಿಡಲು ಮಾರ್ಗಸೂಚಿಯೇ ಅವಕಾಶ ಕೊಟ್ಟಿತ್ತು. ಹೀಗಿರುವಾಗ ‘ನಿಮ್ಮ ಇಲಾಖೆ ಐದು ವರ್ಷದಲ್ಲಿ ಕನ್ಸಲ್ಟೆಂಟ್‌ಗಳಿಗೆ ಕೊಟ್ಟ ಒಟ್ಟು ಹಣವೆಷ್ಟು’ ಎಂದು ಅರ್ಜಿ ಹಾಕಿದರೆ ‘ಕೋರಿದ ಮಾಹಿತಿ ಈ ಕಚೇರಿಯಲ್ಲಿ ಕ್ರೋಡೀಕೃತವಾಗಿ ಲಭ್ಯವಿರುವುದಿಲ್ಲ’ ಎಂಬ ಹಿಂಬರಹ ಬರುತ್ತದೆ. ಸಿಟ್ಟು ಬಂದರೂ ಆ ಹಿಂಬರಹಕ್ಕೆ ಕಾನೂನಿನ ಬಲವಿದೆ. ಸಿಬಿಎಸ್‌ಇ ವಿರುದ್ಧ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲೇ, ಕಚೇರಿಯಲ್ಲಿ ಇರುವ ಮಾಹಿತಿಯನ್ನು ಕೊಡಬೇಕೇ ಹೊರತು ಅರ್ಜಿದಾರನಿಗಾಗಿ ಹೊಸದಾಗಿ ಕೂಡಿಸಿ ತಯಾರಿಸಿ ಕೊಡಬೇಕಾಗಿಲ್ಲ ಎಂದಿದೆ. ಕೂಡಿಸುವ ಕೆಲಸ ನಮ್ಮದು. ಕಚೇರಿಯಿಂದ ಬರಬೇಕಾದ್ದು ಕಾಗದ.

ಯಾವ ಕಾಗದ? ಒಂದು ಸಲಹಾ ಕೆಲಸ ಹುಟ್ಟಿ ಮುಗಿಯುವಷ್ಟರಲ್ಲಿ ಕಡತದಲ್ಲಿ ಐದು ದಾಖಲೆಗಳು ಉಳಿಯಲೇಬೇಕು. ಮೊದಲನೆಯದು ಸಂಸ್ಥೆಗೆ ಒಪ್ಪಿಸಿದ ಕೆಲಸದ ವಿವರ. ಟರ್ಮ್ಸ್ ಆಫ್ ರೆಫರೆನ್ಸ್ ಎಂಬ ಇದನ್ನು ಕಚೇರಿಗಳಲ್ಲಿ ಟಿಒಆರ್ ಎಂದೇ ಕರೆಯುತ್ತಾರೆ. ಎರಡನೆಯದು ಕಾರ್ಯಾದೇಶ ಮತ್ತು ಕರಾರು ಪತ್ರ. ಮೂರನೆಯದು ಸಂಸ್ಥೆ ಸಲ್ಲಿಸಿದ ವರದಿ. ನಾಲ್ಕನೆಯದು ಆ ವರದಿಯನ್ನು ಓದಿ ಒಪ್ಪಿದ ಅಧಿಕಾರಿಯ ಟಿಪ್ಪಣಿ ಹಾಳೆ. ಐದನೆಯದು ಬಿಲ್ಲು. ಈ ಐದರಲ್ಲಿ ಜನ ಕೇಳುವುದು ಹೆಚ್ಚಾಗಿ ಕೊನೆಯದನ್ನು, ಕಚೇರಿ ಸುಲಭವಾಗಿ ಕೊಡುವುದೂ ಕೊನೆಯದನ್ನೇ. ಹತ್ತು ಲಕ್ಷ ಕೊಟ್ಟೆವು ಎಂಬ ಬಿಲ್ಲು ಹತ್ತು ಲಕ್ಷ ಕೊಟ್ಟೆವು ಎಂಬುದನ್ನಷ್ಟೇ ಹೇಳುತ್ತದೆ; ದುಬಾರಿಯೋ ಅಗ್ಗವೋ ಎಂಬುದನ್ನು ಹೇಳುವುದು ಉಳಿದ ನಾಲ್ಕು. ಬೆಂಗಳೂರಿನ ಸುರಂಗ ರಸ್ತೆಯ ಪ್ರಕರಣವನ್ನೇ ನೋಡಿ. 2025ರ ಆರಂಭದಲ್ಲಿ ಅದರ ಡಿಪಿಆರ್‌ನಲ್ಲಿ ಮಹಾರಾಷ್ಟ್ರದ ಮಾಲೆಗಾಂವ್, ನಾಸಿಕ್ ಊರುಗಳ ಉಲ್ಲೇಖ ನುಸುಳಿರುವುದು ಬಯಲಾಗಿ ಬಿಬಿಎಂಪಿ ಸಲಹಾ ಸಂಸ್ಥೆಗೆ 5 ಲಕ್ಷ ರೂಪಾಯಿ ದಂಡ ಹಾಕಿತು. ಬಿಲ್ಲನ್ನು ಭೂತಗನ್ನಡಿ ಹಿಡಿದು ನೋಡಿದ್ದರೂ ಮಾಲೆಗಾಂವ್ ಕಾಣುತ್ತಿರಲಿಲ್ಲ. ವರದಿ ಹೊರಗಿನವರ ಕೈಗೆ ಸಿಕ್ಕಿತು, ಪುಟ ತಿರುವಿದರು, ಕಂಡಿತು. ರಾಜಧಾನಿಯ ಮೇಲೆ ಅಷ್ಟು ಕಣ್ಣುಗಳಿದ್ದವು. ಮಸ್ಕಿ ತಾಲ್ಲೂಕಿನ ಕೆರೆ ತುಂಬಿಸುವ ಯೋಜನೆಯೊಂದರ ವರದಿಗೆ ಅಂಥ ಓದುಗರು ಸಿಗುವುದು ಯಾರಾದರೂ ಕೇಳಿದಾಗ ಮಾತ್ರ.

ಅರ್ಜಿ ಬರೆಯುವ ಮೊದಲು ಪುಕ್ಕಟೆಯಾಗಿ ಸಿಗುವುದನ್ನು ನೋಡಿಬಿಡಬೇಕು. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಬಂದದ್ದು 1999ರಲ್ಲಿ. ಕೆಟಿಪಿಪಿ ಎಂದರೆ ಗುತ್ತಿಗೆದಾರರಿಗೆಲ್ಲ ಗೊತ್ತು. ಸರಕು, ಕಾಮಗಾರಿಯಂತೆ ಸೇವೆಯನ್ನು ಪಡೆಯುವಾಗಲೂ ಟೆಂಡರ್ ಕರೆಯಬೇಕೆಂಬುದು ಅದರ ಮೂಲ ನಿಯಮ. ಆ ಟೆಂಡರುಗಳು ಈಗ ಕೆಪಿಪಿಪಿ ಪೋರ್ಟಲಿನಲ್ಲಿವೆ. ಅಲ್ಲಿ ಇಲಾಖೆಯ ಹೆಸರು ಆರಿಸಿ ಸೇವೆಗಳ ವಿಭಾಗದಲ್ಲಿ ಹುಡುಕಿದರೆ ಟೆಂಡರ್ ಸಂಖ್ಯೆ, ಅಂದಾಜು ಮೊತ್ತ, ದಿನಾಂಕ ಸಿಗುತ್ತವೆ. ಟೆಂಡರ್ ದಾಖಲೆಯೊಳಗೆ ಟಿಒಆರ್ ಕೂಡ ಇರುತ್ತದೆ. ಹುಡುಕಿಯೂ ಸಿಗದಿದ್ದರೆ ಅದೇ ಒಂದು ಸುಳಿವು. ಕಾಯ್ದೆಯ ಕಲಂ 4(ಜಿ) ಪ್ರಕಾರ ಸರ್ಕಾರ ಅಧಿಸೂಚನೆ ಹೊರಡಿಸಿ ಟೆಂಡರ್‌ನಿಂದ ವಿನಾಯಿತಿ ಕೊಡಬಹುದು. ಕಚೇರಿ ಭಾಷೆಯಲ್ಲಿ ಇದಕ್ಕೆ ‘4ಜಿ ವಿನಾಯಿತಿ’ ಎಂದೇ ಹೆಸರು, ಮೊಬೈಲಿಗೂ ಇದಕ್ಕೂ ಸಂಬಂಧವಿಲ್ಲ. ವಿನಾಯಿತಿ ಪಡೆದಿದ್ದರೆ ಅಧಿಸೂಚನೆಯ ಪ್ರತಿ ಕೇಳಿ. ಯಾಕೆ ಎಂಬ ಕಾರಣ ಕಡತದ ಟಿಪ್ಪಣಿಯಲ್ಲಿ ಇರಲೇಬೇಕು. ಹಳ್ಳಿಯ ಕಾಮಗಾರಿಗಳಿಗೆ ಗ್ರಾಮೀಣಾಭಿವೃದ್ಧಿ ಇಲಾಖೆಯ ಗಾಂಧಿ ಸಾಕ್ಷಿ ಕಾಯಕ ತಂತ್ರಾಂಶ, ಹಲವು ಇಲಾಖೆಗಳ ವಿವರಕ್ಕೆ ಮಾಹಿತಿ ಕಣಜ ಪೋರ್ಟಲ್ ಇವೆ. ಮಾಹಿತಿ ಹಕ್ಕು ಕಾಯ್ದೆಯ ಕಲಂ 4(1)(ಬಿ) ಪ್ರಕಾರ ಪ್ರತಿ ಕಚೇರಿ 17 ಬಗೆಯ ವಿವರಗಳನ್ನು ತಾನಾಗಿಯೇ ಪ್ರಕಟಿಸಬೇಕು. ಆ ಪುಸ್ತಕವನ್ನು ‘ನಾಲ್ಕು ಒಂದು ಬಿ ತೋರಿಸಿ’ ಎಂದು ಕಚೇರಿಯಲ್ಲೇ ಕೇಳಬಹುದು. ಅದು ಹಳೆಯ ವರ್ಷದ್ದಾಗಿದ್ದರೆ ಆಶ್ಚರ್ಯ ಬೇಡ.

ಇನ್ನು ಯಾವ ಕಚೇರಿಗೆ ಹೋಗುವುದು ಎಂಬ ಪ್ರಶ್ನೆ. ಈ ಮೂರು ತಾಲ್ಲೂಕುಗಳಲ್ಲಿ ಅರ್ಧ ಶ್ರಮ ಇದಕ್ಕೇ ಹೋಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕಾಗದಗಳು ಕರ್ನಾಟಕ ನೀರಾವರಿ ನಿಗಮದ ಸುಪರ್ದಿಯಲ್ಲಿ, ಮುಖ್ಯ ಎಂಜಿನಿಯರ್ ಕೂರುವುದು ಮುನಿರಾಬಾದ್‌ನಲ್ಲಿ. ಅಣೆಕಟ್ಟೆಯೇ ವಿಷಯವಾದರೆ ಅದು ತುಂಗಭದ್ರಾ ಮಂಡಳಿ ಎಂಬ ಬೇರೆ ಸಂಸ್ಥೆ, ಅಂತರರಾಜ್ಯದ್ದು. ನಾರಾಯಣಪುರ ಬಲದಂಡೆಯಾದರೆ ಕೃಷ್ಣಾ ಭಾಗ್ಯ ಜಲ ನಿಗಮ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದ ಕೆಲಸಕ್ಕೆ ದುಡ್ಡು ಕೊಟ್ಟವರು ಕಲಬುರಗಿಯಲ್ಲಿ, ಕೆಲಸ ಮಾಡಿಸಿದವರು ಲೋಕೋಪಯೋಗಿ ಇಲಾಖೆಯೋ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗವೋ ಭೂಸೇನೆ ಎಂದೇ ಇನ್ನೂ ಜನ ಕರೆಯುವ ಕೆಆರ್‌ಐಡಿಎಲ್ಲೋ ಆಗಿರುತ್ತಾರೆ. ಹಟ್ಟಿ ಚಿನ್ನದ ಗಣಿ ಕಂಪನಿ ಕೂಡ ರಾಜ್ಯ ಸರ್ಕಾರದ್ದೇ. ಕಂಪನಿ ಎಂಬ ಹೆಸರು ನೋಡಿ ಮಾಹಿತಿ ಹಕ್ಕು ಅಲ್ಲಿಗೆ ಮುಟ್ಟುವುದಿಲ್ಲ ಎಂದುಕೊಳ್ಳಬೇಕಿಲ್ಲ. ಮಸ್ಕಿಯದು ಇನ್ನೊಂದು ತೊಡಕು. ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳ ಹಳ್ಳಿಗಳನ್ನು ಕಿತ್ತು ಮಾಡಿದ ಹೊಸ ತಾಲ್ಲೂಕು ಅದು. ಆದ್ದರಿಂದ 2018ಕ್ಕಿಂತ ಹಿಂದಿನ ಕಡತ ಇನ್ನೂ ಹಳೆಯ ತಾಲ್ಲೂಕಿನ ಕಚೇರಿಯಲ್ಲೇ ಉಳಿದಿರಬಹುದು. ‘ನಮ್ಮಲ್ಲಿಲ್ಲ, ಲಿಂಗಸುಗೂರಿಗೆ ಹೋಗಿ’ ಎಂದು ಅರ್ಜಿ ವಾಪಸು ಕೊಟ್ಟರೆ ತೆಗೆದುಕೊಳ್ಳಬೇಡಿ. ಮಾಹಿತಿ ಹಕ್ಕು ಕಾಯ್ದೆಯ ಕಲಂ 6(3)ರ ಪ್ರಕಾರ ಐದು ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸುವ ಹೊಣೆ ಅವರದು.

ಅರ್ಜಿ ಚಿಕ್ಕದಿರಬೇಕು. ಕರ್ನಾಟಕದ ನಿಯಮ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಎಂದು ಕಟ್ಟುಹಾಕಿದೆ. ಇದನ್ನು ಹಲವರು ಬೈಯುತ್ತಾರೆ. ನನಗಂತೂ ಇದು ಅರ್ಜಿದಾರನಿಗೆ ಲಾಭವೇ ಅನಿಸುತ್ತದೆ, ಯಾಕೆಂದರೆ ಮೊನಚಾದ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವುದು ಕಷ್ಟ. ನಮೂನೆ ‘ಎ’ ತುಂಬಿ ಹೀಗೆ ಬರೆದರೆ ಸಾಕು: “ಇಂಥ ಯೋಜನೆಯ ವಿಸ್ತೃತ ಯೋಜನಾ ವರದಿ ತಯಾರಿಸಲು ನೇಮಿಸಿದ ಸಲಹಾ ಸಂಸ್ಥೆಗೆ ಸಂಬಂಧಿಸಿದಂತೆ, ಅದಕ್ಕೆ ಒಪ್ಪಿಸಿದ ಕೆಲಸದ ವಿವರ, ಕಾರ್ಯಾದೇಶ ಮತ್ತು ಕರಾರು, ಸಲ್ಲಿಸಿದ ಅಂತಿಮ ವರದಿ, ವರದಿ ಅಂಗೀಕರಿಸಿದ ಟಿಪ್ಪಣಿ ಹಾಳೆಗಳು, ಪಾವತಿಸಿದ ಬಿಲ್ಲುಗಳು, ಇವುಗಳ ದೃಢೀಕೃತ ಪ್ರತಿ ನೀಡಿ. ಪ್ರತಿಗೆ ಮುನ್ನ ಕಡತ ಪರಿಶೀಲಿಸಲು ದಿನ, ಸಮಯ ತಿಳಿಸಿ.” ಯೋಜನೆಯ ಹೆಸರು, ವರ್ಷ, ಟೆಂಡರ್ ಸಂಖ್ಯೆ ಪೋರ್ಟಲಿನಲ್ಲಿ ಕಂಡಂತೆಯೇ ಇರಲಿ. ಶುಲ್ಕ 10 ರೂಪಾಯಿ, ಪುಟಕ್ಕೆ 2 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ. ಪರಿಶೀಲನೆಯ ಸಾಲನ್ನು ಬಿಡಬೇಡಿ. ಡಿಪಿಆರ್ ಎಂದರೆ ನೂರಾರು ಪುಟ, ದೊಡ್ಡ ದೊಡ್ಡ ನಕ್ಷೆ. ಮೊದಲು ಕೂತು ನೋಡಿ ಬೇಕಾದ ಪುಟಗಳನ್ನಷ್ಟೇ ಗುರುತು ಹಾಕಿದರೆ ಹಣವೂ ಉಳಿಯುತ್ತದೆ, ಕಚೇರಿಯ ಸಿಬ್ಬಂದಿಗೂ ಸುಲಭ. ಯಾಕೆ ಬೇಕು ಎಂದು ಅವರು ಕೇಳುವಂತಿಲ್ಲ. ಕಲಂ 6(2) ನೋಡಿ. ಟಪಾಲು ವಿಭಾಗದಲ್ಲಿ ಸ್ವೀಕೃತಿ ಪಡೆಯಿರಿ, ಇಲ್ಲವೇ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.

ಸಲಹೆಗಾರರನ್ನು ಹೀಗೆ ಪ್ರಶ್ನಿಸುವುದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು: ತಜ್ಞರಿಲ್ಲದೆ ಸರ್ಕಾರ ನಡೆಯುತ್ತದೆಯೇ? ನಡೆಯುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಸಿಂಧನೂರಿನ ಭತ್ತದ ಬೆಳೆಗಾರರ ಎದೆ ಧಸಕ್ಕೆಂದಿತ್ತು. ಆಗ ಕರೆಸಿಕೊಂಡದ್ದು ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರನ್ನು. ಅವರ ಮಾರ್ಗದರ್ಶನದಲ್ಲಿ ತುಂಬಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಲಾಯಿತು. ಹೊರಗಿನ ಪರಿಣತಿ ಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಆ ಪ್ರಸಂಗದಲ್ಲಿ ತಜ್ಞ ಯಾರು, ಅವರಿಗೆ ಒಪ್ಪಿಸಿದ ಕೆಲಸವೇನು, ಅದು ಮುಗಿಯಿತೇ ಎಂಬ ಮೂರೂ ಎಲ್ಲರ ಕಣ್ಣೆದುರಿಗಿದ್ದವು. ನಂತರ ಎ.ಕೆ. ಬಜಾಜ್ ನೇತೃತ್ವದ ಸಮಿತಿ ಗೇಟುಗಳನ್ನೆಲ್ಲ ಬದಲಿಸಬೇಕೆಂದು ಹೇಳಿದ್ದೂ ಸುದ್ದಿಯಾಯಿತು, ಹಾಗಾಗಿ ಬೆಳೆಗೆ ನೀರು ಬಿಡುವ ಬಗ್ಗೆ ರೈತರು ವಾದ ಮಾಡುವಾಗ ಅದನ್ನು ಹಿಡಿದು ಮಾತಾಡಲು ಸಾಧ್ಯವಾಯಿತು. ಅಂದರೆ ತಜ್ಞರನ್ನು ಕರೆಸುವುದಕ್ಕೂ ಪಾರದರ್ಶಕತೆಗೂ ವೈರವಿಲ್ಲ. ತೊಂದರೆ ಇರುವುದು ಇನ್ನೊಂದು ಬಗೆಯ ನೇಮಕದಲ್ಲಿ: ಖಾಲಿ ಹುದ್ದೆ ತುಂಬದೆ, ದಿನನಿತ್ಯದ ಇಲಾಖಾ ಕೆಲಸವನ್ನೇ ಸಲಹಾ ಸಂಸ್ಥೆಗೆ ಹಚ್ಚುವುದು. ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆ ಖಾಲಿ ಇರುವುದನ್ನು ಸರ್ಕಾರವೇ ಒಪ್ಪಿದೆ. ಆಸ್ಟ್ರೇಲಿಯಾ ಸರ್ಕಾರ 2023ರಲ್ಲಿ ತನ್ನದೇ ಲೆಕ್ಕ ತೆಗೆದಾಗ, 2021-22ರ ಒಂದೇ ವರ್ಷದಲ್ಲಿ ಸುಮಾರು 54 ಸಾವಿರ ಪೂರ್ಣಾವಧಿ ನೌಕರರಿಗೆ ಸಮನಾದ ಕೆಲಸವನ್ನು ಹೊರಗಿನವರಿಂದ ಮಾಡಿಸಿ 2,080 ಕೋಟಿ ಡಾಲರ್ ಕೊಟ್ಟದ್ದು ಗೊತ್ತಾಯಿತು. ಟಿಒಆರ್ ಓದಿದರೆ ಈ ಎರಡು ಬಗೆಯ ನೇಮಕದ ವ್ಯತ್ಯಾಸ ಒಂದೇ ಪುಟದಲ್ಲಿ ತಿಳಿಯುತ್ತದೆ.

ಎರಡನೆಯ ಆಕ್ಷೇಪ, ಸಲಹಾ ಶುಲ್ಕ ಯೋಜನೆಯ ವೆಚ್ಚದಲ್ಲಿ ನೂರಕ್ಕೆ ಒಂದೋ ಎರಡೋ ಪಾಲು, ಅದರ ಮೇಲೇಕೆ ಇಷ್ಟು ಗಲಾಟೆ ಎಂಬುದು. ಬೀಜವೇ ಜಳ್ಳಾದ ಮೇಲೆ ಗೊಬ್ಬರಕ್ಕೆ ಎಷ್ಟು ಸುರಿದರೇನು? ಉಳಿದ ತೊಂಬತ್ತೆಂಟು ಪಾಲು ಎಲ್ಲಿ ಹರಿಯಬೇಕು, ಕಾಲುವೆ ಯಾವ ಊರಿನ ಅಂಚಿನಲ್ಲಿ ನಿಲ್ಲಬೇಕು, ಏತದ ವಿದ್ಯುತ್ ಬಿಲ್ ಯಾರ ತಲೆಗೆ ಎಂಬುದನ್ನು ನಿರ್ಧರಿಸುವುದು ಈ ಒಂದು ಪಾಲಿನ ವರದಿ. ಮಾಹಿತಿ ಹಕ್ಕು ಅರ್ಜಿಗಳು ಬೆದರಿಕೆಯ ದಂಧೆಯಾಗಿವೆ ಎಂಬ ದೂರೂ ಇದೆ, ಅದು ಪೂರಾ ಸುಳ್ಳಲ್ಲ. ಸಾವಿರಗಟ್ಟಲೆ ಅರ್ಜಿ ಹಾಕಿದವರನ್ನು ಮಾಹಿತಿ ಆಯೋಗವೇ ಕಪ್ಪುಪಟ್ಟಿಗೆ ಸೇರಿಸಿದೆ. ಅದಕ್ಕಾಗಿಯೇ ಒಂದು ಯೋಜನೆ, ಐದು ಕಾಗದ ಎಂಬ ಮಿತಿ ಒಳ್ಳೆಯದು. ಅಂಥ ಅರ್ಜಿಗೆ ದುರುದ್ದೇಶದ ಹಣೆಪಟ್ಟಿ ಹಚ್ಚುವುದು ಕಷ್ಟ.

ಮೂರನೆಯದು, ಗೋಪ್ಯತೆಯ ಮಾತು. ‘ಸಂಸ್ಥೆಯ ವಾಣಿಜ್ಯ ರಹಸ್ಯ, ಕಲಂ 8(1)(ಡಿ)’ ಎಂದು ಬರೆದು ಕಳಿಸುವುದು ಮಾಮೂಲಿ. ಟೆಂಡರ್ ತೆರೆಯುವ ಮೊದಲು ದರಗಳು ಗುಟ್ಟಾಗಿರಬೇಕಾದ್ದು ಸರಿ. ಕೆಲಸ ಮುಗಿದು ಸಾರ್ವಜನಿಕ ಹಣ ಸಂದಾಯವಾದ ಮೇಲೆ ವರದಿಯಲ್ಲಿ ಉಳಿಯುವ ರಹಸ್ಯವೇನು? ಒಂದೆರಡು ಪುಟಗಳಲ್ಲಿ ಅಂಥದ್ದೇನಾದರೂ ಇದ್ದರೂ ಅಷ್ಟನ್ನು ತೆಗೆದು ಉಳಿದದ್ದನ್ನು ಕೊಡಲು ಕಲಂ 10 ಹೇಳುತ್ತದೆ. ಸಂಸ್ಥೆಯ ಅಭಿಪ್ರಾಯ ಕೇಳಲು ಕಲಂ 11ರಲ್ಲಿ ಅವಕಾಶವಿದೆ, ಆದರೆ ತೀರ್ಮಾನ ಅಧಿಕಾರಿಯದು, ಸಂಸ್ಥೆಯದಲ್ಲ. ಜನರಿಗೆ ತಟ್ಟುವ ಮುಖ್ಯ ನೀತಿ, ನಿರ್ಧಾರಗಳ ಸಂಗತಿಗಳನ್ನೂ ಬಾಧಿತರಿಗೆ ಅದರ ಕಾರಣಗಳನ್ನೂ ತಿಳಿಸಬೇಕೆಂದು ಕಲಂ 4(1)(ಸಿ), 4(1)(ಡಿ) ಹೇಳುತ್ತವೆ. ಕಾಲುವೆಯ ವಿಷಯದಲ್ಲಿ ಈ ಎರಡನ್ನು ಅರ್ಜಿಯಲ್ಲೇ ನಮೂದಿಸುವುದು ಒಳ್ಳೆಯದು. 2025ರ ನವೆಂಬರ್‌ನಿಂದ ಹೊಸದೊಂದು ಅಡ್ಡಿ ಸೇರಿಕೊಂಡಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲಕ ಕಲಂ 8(1)(ಜೆ)ಯನ್ನು ತಿದ್ದಿ, ವೈಯಕ್ತಿಕ ಮಾಹಿತಿಯನ್ನು ಸಾರಾಸಗಟಾಗಿ ಹೊರಗಿಟ್ಟಿದ್ದಾರೆ. ಇದು ಕೆಟ್ಟ ತಿದ್ದುಪಡಿ ಎಂದೇ ನನ್ನ ಅಭಿಪ್ರಾಯ. ಆದರೂ ಕಂಪನಿಯೊಂದು ವ್ಯಕ್ತಿಯಲ್ಲ, ಅದರ ಕರಾರು ವೈಯಕ್ತಿಕವೂ ಅಲ್ಲ. ಸಾರ್ವಜನಿಕ ಹಿತ ದೊಡ್ಡದಾದರೆ ವಿನಾಯಿತಿ ಮೀರಿ ಕೊಡಬಹುದೆಂಬ ಕಲಂ 8(2) ಇನ್ನೂ ಉಳಿದಿದೆ.

ಕಡತ ಕೈಗೆ ಬಂದ ಮೇಲೆ ಓದುವ ಕ್ರಮವೊಂದಿದೆ. ಮೊದಲು ತಾರೀಖುಗಳನ್ನು ಪಕ್ಕಪಕ್ಕ ಇಡಿ. ಯೋಜನೆಗೆ ಆಡಳಿತಾತ್ಮಕ ಅನುಮೋದನೆ ಸಿಕ್ಕ ದಿನಕ್ಕಿಂತ ಅಂತಿಮ ವರದಿಯ ದಿನ ಹಿಂದಿದೆಯೇ ಮುಂದಿದೆಯೇ? ಅನುಮೋದನೆ ಮೊದಲು, ವರದಿ ಆಮೇಲೆ ಎಂದಾದರೆ ಆ ವರದಿ ಮೊದಲೇ ತೆಗೆದುಕೊಂಡ ತೀರ್ಮಾನಕ್ಕೆ ಹೊದಿಸಿದ ಶಾಲು. ಆಮೇಲೆ ಕ್ಷೇತ್ರ ಸಮೀಕ್ಷೆಯ ಪುಟ ತೆಗೆಯಿರಿ: ಯಾವ ತಿಂಗಳು ಅಳೆದರು, ಯಾವ ಹಳ್ಳಿಗಳ ಹೆಸರಿವೆ, ನಿಮ್ಮೂರ ಹಳ್ಳದಲ್ಲಿ ಎಷ್ಟು ನೀರು ಎಂದು ಬರೆದಿದ್ದಾರೆ. ಇಲ್ಲಿ ಹಳ್ಳಿಯ ಹಿರಿಯರು ಯಾವ ಎಂಜಿನಿಯರಿಗೂ ಕಡಿಮೆಯಿಲ್ಲದ ಪರೀಕ್ಷಕರು. ಇನ್ನೊಂದು, ಡಿಪಿಆರ್ ಬರೆದ ಸಂಸ್ಥೆಯೇ ಅದೇ ಕಾಮಗಾರಿಯ ಮೂರನೇ ವ್ಯಕ್ತಿ ತಪಾಸಣೆಯನ್ನೂ ಮಾಡಿದೆಯೇ ನೋಡಿ. ಜಲಜೀವನ ಮಿಷನ್ ಮಾರ್ಗಸೂಚಿಯಲ್ಲಿ ಆ ತಪಾಸಣೆ ಆಗದೆ ಗುತ್ತಿಗೆದಾರನಿಗೆ ಹಣ ಬಿಡುವಂತಿಲ್ಲ. ತನ್ನ ಕೆಲಸಕ್ಕೆ ತಾನೇ ಅಂಕ ಕೊಟ್ಟುಕೊಂಡರೆ ತಪಾಸಣೆಯ ಅರ್ಥವೇ ಹೋಯಿತು. ಕರಾರಿನ ಅವಧಿ ಎಷ್ಟು ಸಲ ವಿಸ್ತರಣೆಯಾಗಿದೆ, ತಡಕ್ಕೆ ದಂಡ ಹಾಕುವ ಷರತ್ತು ಬಳಕೆಯಾಗಿದೆಯೇ ಎಂಬುದು ಬಿಲ್ಲಿನ ಕಡಿತದಲ್ಲಿ ಕಾಣುತ್ತದೆ. ಇವೆಲ್ಲಕ್ಕಿಂತ ಹೆಚ್ಚು ಹೇಳುವುದು ಟಿಪ್ಪಣಿ ಹಾಳೆ. ವರದಿಯ ಮೇಲೆ ಇಲಾಖೆಯ ಎಂಜಿನಿಯರ್ ಒಂದಾದರೂ ಪ್ರಶ್ನೆ ಎತ್ತಿದ್ದಾರೆಯೇ, ಇಲ್ಲವೇ ‘ಪರಿಶೀಲಿಸಿ ಅಂಗೀಕರಿಸಿದೆ’ ಎಂಬ ಒಂದೇ ಸಾಲೇ? ಎರಡನೆಯದಾದರೆ ನಿಮ್ಮ ಮುಂದಿನ ಪ್ರಶ್ನೆ ಸಲಹೆಗಾರನಿಗಲ್ಲ, ಸಹಿ ಹಾಕಿದವರಿಗೆ.

ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಪ್ರತಿಗಳನ್ನು ಉಚಿತವಾಗಿ ಕೊಡಬೇಕೆಂಬುದು ಕಲಂ 7(6). ಮುಂದಿನ ಮೂವತ್ತು ದಿನದಲ್ಲಿ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಪ್ರಥಮ ಮೇಲ್ಮನವಿ ಹಾಕಿ. ಅವರು ಹೆಚ್ಚೆಂದರೆ 45 ದಿನದಲ್ಲಿ ತೀರ್ಮಾನಿಸಬೇಕು. ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ. ಅದರ ಪೀಠ ಕಲಬುರಗಿಯಲ್ಲೂ ಇರುವುದರಿಂದ ಬೆಂಗಳೂರಿಗೆ ಹೋಗಲೇಬೇಕಾದ ಪ್ರಮೇಯ ಕಡಿಮೆ. ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಬೀಳಬಹುದು, ಆದರೆ ಆಯೋಗದಲ್ಲಿ ಸರದಿ ಬರಲು ತಿಂಗಳುಗಳೇ ಹಿಡಿಯುತ್ತವೆ. ಅಷ್ಟು ಕಾಯುವ ಬದಲು, ಕಾಮಗಾರಿ ಗ್ರಾಮ ಪಂಚಾಯಿತಿಯದಾಗಿದ್ದರೆ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ನಡೆಯಬೇಕಾದ ಜಮಾಬಂದಿಗೆ ಹೋಗಿ, ಲೆಕ್ಕ ಓದುವಾಗ ಅಂದಾಜು ಪಟ್ಟಿಯಲ್ಲಿ ಸಲಹಾ ಶುಲ್ಕದ ಸಾಲು ಬಂದಲ್ಲಿ ನಿಲ್ಲಿಸಿ, ಆ ವರದಿಯನ್ನು ಅಲ್ಲೇ ಮೇಜಿನ ಮೇಲೆ ಇಡಲು ಹೇಳಿ. ಇಡದಿದ್ದರೆ ‘ವರದಿ ಹಾಜರುಪಡಿಸಿಲ್ಲ’ ಎಂದು ನಡಾವಳಿಯಲ್ಲಿ ಬರೆಸಿ, ಅದರ ಪ್ರತಿಯನ್ನು ಮೇಲ್ಮನವಿಗೆ ಲಗತ್ತಿಸಿ.